ಒಂದೂಕಾಲು ಕಿಲೋದ ಲಾರಿ

ನಮ್ಮ ಆಫೀಸಿಗೆ ಹೊಸಬರು ಸೇರಿದಾಗೆಲ್ಲ ಒಂದು ಕಥೆ ಹೇಳುತ್ತಾರೆ. ತುರ್ಭೆಯ ಗೋದಾಮಿನಲ್ಲಿ ಹಮಾಲರ ಮೇಲೆ ಒಬ್ಬ ಮುಕಾದಮನಿದ್ದನಂತೆ. ಬೇಡದ ಕಡೆ ಒಂದು ಕಾಮಾ ಒತ್ತಿದನಂತೆ. ಸಾವಿರದ ಇನ್ನೂರೈವತ್ತು ಕಿಲೋ ಸರಕು ಕಾಗದದಲ್ಲಿ ಒಂದೂಕಾಲು ಕಿಲೋ ಆಗಿ, ಲಾರಿ ಬಂದರಿನ ಗೇಟಿನಲ್ಲಿ ಎರಡು ದಿನ ನಿಂತಿತಂತೆ. ಎಲ್ಲರೂ ನಗುತ್ತಾರೆ. ಕಥೆಯಲ್ಲಿ ಲಾರಿ ನಿಜ, ಕಾಮಾನೂ ನಿಜ. ‘ಬೇಡದ ಕಡೆ’ ಎಂಬುದಕ್ಕೆ ಮಾತ್ರ ನನ್ನ ತಕರಾರು. ಸಾವಿರದ ಅಂಕಿಯ ಪಕ್ಕ ಕಾಮಾ ಹಾಕಬೇಕೆಂದು ಡೊಂಬಿವಲಿಯ ಶಾಲೆಯಲ್ಲಿ ನನಗೂ ಕಿವಿ ಹಿಂಡಿ ಕಲಿಸಿದ್ದಾರೆ.

ತೂಕ ತುಂಬುವ ಆ ವೆಬ್ ಪುಟ ಮಾಡಿಕೊಟ್ಟದ್ದು ನಮ್ಮ ಸಾಫ್ಟ್‌ವೇರ್ ಆಫೀಸೇ. ಗೋದಾಮು ಜರ್ಮನ್ ಕಂಪನಿಯೊಂದರದು. ಕಂಪ್ಯೂಟರು, ಕೀಬೋರ್ಡು ಎರಡೂ ಜರ್ಮನ್ ಸೆಟ್ಟಿಂಗಿನೊಂದಿಗೆ ಅಲ್ಲಿಂದಲೇ ಬಂದವು. ಅಲ್ಲಿಯವರು ದಶಾಂಶಕ್ಕೆ ಕಾಮಾ ಹಾಕುತ್ತಾರೆ, ನಾವು ಚುಕ್ಕಿ ಇಡುತ್ತೇವೆ. ಯಾವ ಪದ್ಧತಿ ಹಿಡಿಯಬೇಕೆಂದು ಪುಟಕ್ಕೆ ತಿಳಿಯುವುದು ಹೇಗೆ? ಇದಕ್ಕೊಂದು ಮೀಟಿಂಗ್ ಆಗಿತ್ತು. ಘೋಡಬಂದರ್ ರಸ್ತೆಯಿಂದ ಬರುವ, ಉಡುಪಿ ಕಡೆಯ ಸೀನಿಯರ್ ಒಬ್ಬರಿದ್ದಾರೆ, ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅವರು ಸಣ್ಣದೊಂದು ಸಲಹೆ ಕೊಟ್ಟರು: ಅಂಕಿ ತುಂಬಿದ ತಕ್ಷಣ ಕೆಳಗೆ ಅದನ್ನೇ ಅಕ್ಷರದಲ್ಲಿ ತೋರಿಸೋಣ, ನೋಡಿ ಒತ್ತಲಿ.

ಇದೇನು ಬ್ಯಾಂಕಿನ ಚೆಕ್ಕಾ ಎಂದು ಕೇಳಿದೆ. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬೆಳೆದವಳು ನಾನು. ಯಂತ್ರಕ್ಕೆ ತನ್ನ ಭಾಷೆ ಗೊತ್ತಿರುತ್ತದೆ, ಅದನ್ನೇ ಕೇಳಿದರಾಯಿತು. ಹೆಚ್ಚಿನ ಸಾಲು ಓದುತ್ತ ಕೂತರೆ ಕೆಲಸ ನಿಧಾನ. ಮೇಲಾಗಿ, ಬಳಸುವವರನ್ನು ಮಕ್ಕಳಂತೆ ಕಾಣುವುದು ಅವಮಾನ. ಈ ಕೊನೆಯದು ಮ್ಯಾನೇಜರಿಗೆ ಬಹಳ ಹಿಡಿಸಿತು; ಕಂಪ್ಯೂಟರಿನ ಭಾಷೆ ಯಾವುದೋ ಅದರ ಪದ್ಧತಿಯನ್ನೇ ಪುಟ ಹಿಡಿಯಲಿ ಎಂದಾಯಿತು. “ಮಾತಿನಲ್ಲಿ ನಿನ್ನ ಹತ್ರ ಆಗುದಿಲ್ಲ ಮಾರಾಯ್ತಿ,” ಎಂದು ಅಕ್ಕ ಲ್ಯಾಪ್‌ಟಾಪ್ ಮುಚ್ಚಿದರು. ನಾನದನ್ನು ಹೊಗಳಿಕೆ ಎಂದುಕೊಂಡೆ.

ಲಾರಿ ನಿಂತ ಮೇಲೆ ಇಬ್ಬರೂ ತುರ್ಭೆಗೆ ಹೋದೆವು. ಮುಕಾದಮರು ವಿಜಯಪುರದ ಕಡೆಯವರು. ವರ್ಷಗಟ್ಟಲೆ ಚೀಲ ಹೊತ್ತು ಬೆನ್ನು ಹೋಗಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ತೂಕದ ಕಾಟಾದ ಪಕ್ಕದ ಕುರ್ಚಿ ಸಿಕ್ಕಿತ್ತು. ಆ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲು. ಇವರು ಮೊದಲ ದಿನವೇ ಅದನ್ನು ಕಂಡುಹಿಡಿದು, ಎರಡು ಕೀಲಿಗಳ ಮೇಲೂ ಬ್ಯಾಂಡೇಜು ಪಟ್ಟಿ ಅಂಟಿಸಿ ಪೆನ್ನಿನಲ್ಲಿ ತಿದ್ದಿದ್ದರು. ಪರದೇಶದ ಕೀಬೋರ್ಡಿಗೆ ಹೊಂದಿಕೊಂಡವರು ಇವರು. ಹೊಂದಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವರು ನಾವು. ಕನ್ನಡ ಕೇಳಿದ್ದೇ ಚಹಾ ತರಿಸಿದರು, ಸಾವಿರದ ಅಂಕಿ ಒತ್ತಿ ತೋರಿಸಿದರು. ಕಾಮಾ ಬಿಟ್ಟರೆ ಊರಿನ ಮಾಸ್ತರರು ಬಾರಿಸುತ್ತಿದ್ದರಂತೆ.

ಇಂಗ್ಲಿಷ್ ಚೆನ್ನಾಗಿದೆಯೆಂದು ವರದಿ ಬರೆಯುವ ಕೆಲಸ ನನಗೇ ಬಂತು. ಒಂದು ಸುಳ್ಳೂ ಬರೆಯಲಿಲ್ಲ. ಆಪರೇಟರ್ ಕಾಮಾ ತುಂಬಿದರು. ಗೊತ್ತುಪಡಿಸಿದ ಪದ್ಧತಿಯಂತೆ ಪುಟ ಅದನ್ನು ಓದಿತು. ಪದ್ಧತಿಯನ್ನು ಗೊತ್ತುಪಡಿಸಿದವರು ಯಾರೆಂದು ಬರೆಯಲಿಲ್ಲ. ಎದುರು ಪಕ್ಷದ ವಾದವನ್ನು ನಾವೇ ಮಂಡಿಸುವ ರೂಢಿ ಯಾವ ಸ್ಪರ್ಧೆಯಲ್ಲೂ ಇಲ್ಲ. ಅಕ್ಕ ಓದಿ, “ಇದ್ರಲ್ಲಿ ನೀನು ಎಲ್ಲಿದ್ದಿ?” ಎಂದರು. ವರದಿ ಅಂದರೆ ಆತ್ಮಕಥೆಯಲ್ಲ ಎಂದೆ. ಅವರು ವರದಿಯನ್ನು ನನ್ನ ಮೇಜಿನ ಮೇಲಿಟ್ಟು ತಮ್ಮ ಜಾಗಕ್ಕೆ ಹೋದರು.

ಹದಿನೈದು ದಿನದ ಮೇಲೆ ಪುಟ ತಿದ್ದಿ ಹಾಕಲು ಹೋದಾಗ ಆ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ವರದಿ ಓದಿದ ಗೋದಾಮಿನ ಸಾಹೇಬರು ಮುಕಾದಮರನ್ನು ಮತ್ತೆ ಲೋಡಿಂಗಿಗೆ ಹಾಕಿದ್ದರು. ಸೊಂಟಕ್ಕೆ ಟವೆಲು ಬಿಗಿದು ಚೀಲ ಇಳಿಸುತ್ತಿದ್ದವರು ನಮ್ಮನ್ನು ಕಂಡು ಒಳಗೆ ಬಂದರು. ಅಕ್ಕ ಅಂಕಿ ತುಂಬಿದರು. ಕೆಳಗೆ ಮರಾಠಿಯಲ್ಲಿ ಸಾಲು ಮೂಡಿತು. ಸಾವಿರದ ಇನ್ನೂರೈವತ್ತು ಎಂದು ಮುಕಾದಮರು ಬೆರಳಿಟ್ಟು ಓದಿದರು.

“ಛಲೋ ಆತು,” ಎಂದರು. ಒಂದು ಕೈ ಬೆನ್ನ ಮೇಲೇ ಇತ್ತು. ಅಕ್ಕ ಚಾರ್ಜರಿನ ವೈರು ಸುತ್ತತೊಡಗಿದರು, ತಲೆ ಎತ್ತಲಿಲ್ಲ. ಮುಕಾದಮರು ನನ್ನ ಕಡೆ ತಿರುಗಿದರು.

“ಇಷ್ಟ್ ಮಂದಿ ಕಲ್ತವ್ರು ಅದೀರಿ. ಇದನ್ನ ಮೊದಲ ಹಾಕೂಣು ಅಂತ ನಿಮ್ಮಾಗ ಒಬ್ರೂ ಅನ್ನಲಿಲ್ಲೇನ್, ತಂಗಿ?”