ಜೋಡಿ ಶೀಟು

ಫೋಟೊ ಸ್ಟುಡಿಯೋದವರ ಗಲ್ಲ ಯಾವಾಗಲೂ ಒಂದಿಷ್ಟು ಮೇಲಕ್ಕೇ ಇರುತ್ತಿತ್ತು. ಗೊತ್ತಿಲ್ಲದವರು ಜಂಬ ಅಂದುಕೊಳ್ಳುತ್ತಿದ್ದರು. ಅದು ಕಸುಬಿನಿಂದ ಬಂದದ್ದು. ಫೋಟೊ ತೆಗೆಯುವಾಗ ಗಂಡಸರ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಎತ್ತುತ್ತಿದ್ದರು, ಹೆಣ್ಣುಮಕ್ಕಳನ್ನು ಮುಟ್ಟುತ್ತಿರಲಿಲ್ಲ. ಕ್ಯಾಮೆರಾದ ಹಿಂದೆ ನಿಂತು ತಮ್ಮ ಗಲ್ಲವನ್ನೇ ಎತ್ತಿ ತೋರಿಸುತ್ತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಕೂತವಳು ತನಗೇ ತಿಳಿಯದಂತೆ ಎತ್ತುತ್ತಿದ್ದಳು. ಹಾಗೆ ಎತ್ತಿ ಎತ್ತಿ ಅವರ ಕತ್ತು ಕೊನೆಗೆ ಅಲ್ಲೇ ನಿಂತುಬಿಟ್ಟಿತ್ತು.

ಅರಕಲಗೂಡಿನಲ್ಲಿ ಅವರದು ಒಂದು ಕೋಣೆಯ ಸ್ಟುಡಿಯೋ. ಸ್ಕಾಲರ್‌ಶಿಪ್ಪು, ಬಸ್ ಪಾಸು, ಹಾಲ್ ಟಿಕೆಟ್ಟು, ಯಾವುದಕ್ಕೆ ಫೋಟೊ ಬೇಕಾದರೂ ನಾನು ಹೋಗುತ್ತಿದ್ದದ್ದು ಅಲ್ಲಿಗೇ. ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಬಿ.ಎಸ್ಸಿ. ಓದುತ್ತಿದ್ದಾಗ ನನ್ನನ್ನು ಕಂಡರೆ ಸಾಕು, "ಏನವ್ವ, ಈ ಸಲ ಯಾವ ಅರ್ಜಿ?" ಅನ್ನುತ್ತಿದ್ದರು. "ನೀನು ಲೆಕ್ಚರರ್ ಆಯ್ತೀಯಲ್ಲ, ಐಡಿ ಕಾರ್ಡಿಗೆ ನಾನೇ ತೆಗೀಬೇಕು. ಹಾಸನದೋರತ್ರ ಓಗ್ಬುಟ್ಟೀಯ ಮತ್ತೆ!"

ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಅವರು ಆಡುತ್ತಿದ್ದರು. ಅದಕ್ಕೇ ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವರಿಗೆ ಕಾಗದದ ಮೇಲೆ ವಿಪರೀತ ಮೋಹ. ಫೋಟೊ ಕಾಗದದ ಒಂದು ಹಾಳೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು ಎಂಟು ಹಿಡಿಯುತ್ತವೆ. ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಹಿಂದಿನ ಗೋಡೆ ಅಳಿಸಿ ನೀಲಿ ಬಣ್ಣ ತುಂಬಿ, ಒಂದರ ಪಕ್ಕ ಒಂದು ಎಳೆದು ಕೂರಿಸುತ್ತಿದ್ದರು. ಒಬ್ಬರದೇ ಎಂಟಾದರೆ ಅದು ಒಂಟಿ ಶೀಟು. ಬರೀ ನಾಲ್ಕು ಸಾಕು ಅಂದವರಿಗಾಗಿ ಹಾಳೆಯ ಅರ್ಧ ಖಾಲಿ ಬಿಡುವುದು ಅವರಿಂದ ಆಗುತ್ತಿರಲಿಲ್ಲ. ನಾಲ್ಕು ಬೇಕೆನ್ನುವ ಇನ್ನೊಬ್ಬರು ಬರುವತನಕ ಕಾದು, ಇಬ್ಬರನ್ನೂ ಒಂದೇ ಹಾಳೆಯಲ್ಲಿ ಹಾಕಿ ಪ್ರಿಂಟ್ ಕೊಡುತ್ತಿದ್ದರು. ಅದು ಜೋಡಿ ಶೀಟು. ಮೂರು ನಾಲ್ಕು ಜನ ಸೇರಿದರೆ ಸಂತೆ ಶೀಟು. ಈ ಹೆಸರುಗಳನ್ನು ಇಟ್ಟವರು ಅವರೇ. ಗಿರಾಕಿಗಳಿಗೆ ಇದೊಂದೂ ತಿಳಿಯುತ್ತಿರಲಿಲ್ಲ. ಅವರ ಕೈಗೆ ಬರುತ್ತಿದ್ದದ್ದು ಕತ್ತರಿಸಿ ಕವರಿಗೆ ಹಾಕಿದ ತಮ್ಮ ಮುಖ ಮಾತ್ರ.

ಎಂ.ಎಸ್ಸಿ. ಅರ್ಜಿಗೆ ನನಗೆ ನಾಲ್ಕು ಫೋಟೊ ಬೇಕಿತ್ತು. ತೆಗೆಸಿಕೊಂಡು ಬಂದೆ. ಮಾರನೇ ದಿನ ದೊಡ್ಡಪ್ಪ ಪೇಟೆಗೆ ಹೊರಟಾಗ, ಬರುವಾಗ ಈಸಿಕೊಂಡು ಬನ್ನಿ ಎಂದೆ. ಅಪ್ಪ ಇಲ್ಲದ ಮನೆ ನಮ್ಮದು. ನಾನು ಓದುವುದೋ ಬಿಡುವುದೋ, ಎಲ್ಲ ದೊಡ್ಡಪ್ಪನ ಮಾತಿನ ಮೇಲೆ ನಿಂತಿತ್ತು.

ಅವರು ಅಂಗಡಿಗೆ ಹೋದಾಗ ಹಾಳೆ ಆಗಷ್ಟೇ ಪ್ರಿಂಟರಿನಿಂದ ಬಂದು ಮೇಜಿನ ಮೇಲಿತ್ತಂತೆ. ಸ್ಟುಡಿಯೋದವರು ಕತ್ತರಿ ಹುಡುಕುವಷ್ಟರಲ್ಲಿ ದೊಡ್ಡಪ್ಪ ಅದನ್ನು ಎತ್ತಿಕೊಂಡು ನೇರ ಮನೆಗೆ ಬಂದರು. ಜಗಲಿಯ ಮೇಲೆ ನನ್ನ ಮುಂದೆ ಹಾಕಿದರು. ಎಡಕ್ಕೆ ನಾಲ್ಕು ನಾನು. ಬಲಕ್ಕೆ ನಾಲ್ಕು ಒಬ್ಬ ಹುಡುಗ. ಇಬ್ಬರ ಹಿಂದೆಯೂ ಅದೇ ನೀಲಿ, ಒಂದೇ ಕೋಣೆಯಲ್ಲಿ ಕೂತ ಹಾಗೆ.

"ಯಾರವ್ವ ಇವನು?"

"ನಂಗೊತ್ತಿಲ್ಲ ದೊಡ್ಡಪ್ಪ."

"ಗೊತ್ತಿಲ್ದೋನು ಪಕ್ಕದಾಗೆ ಬಂದು ಕೂತ್ಕಂಡ್ನಾ? ಯಾವ ಜನ ಅವನು?"

ಅಮ್ಮನನ್ನೂ ನನ್ನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಧೈರ್ಯವಾಗಿಯೇ ಇದ್ದೆ. ಸ್ಟುಡಿಯೋದವರು ಒಂದು ಮಾತು ಹೇಳಿದರೆ ಮುಗಿಯಿತು ಅಂದುಕೊಂಡಿದ್ದೆ.

ಹೇಳಿದರು. "ಅಯ್ಯೋ, ಅದಾ ಸಾ? ಅದು ಜೋಡಿ ಶೀಟು ಕಣ್ ಸಾ. ಇವರಿಬ್ರುದೂ ನಾನೇ ಜೋಡಿ ಮಾಡಿದ್ದು."

ದೊಡ್ಡಪ್ಪ ಅಮ್ಮನ ಕಡೆ ತಿರುಗಿದರು. "ಕೇಳುಸ್ತಾ?"

ಆಮೇಲೆ ಅವರು ಬಿಡಿಸಿ ಹೇಳಿದ್ದೂ ನಿಜ. ಕಂಪ್ಯೂಟರಿನಲ್ಲಿ ಹಳೆಯ ಹಾಳೆಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. "ನೋಡಿ ಸಾ, ಈ ಅಜ್ಜಪ್ಪ ಕೊಣನೂರೋರು, ಪಕ್ಕದಲ್ಲಿರೋರು ಅಂಗನವಾಡಿ ಟೀಚ್ರು. ಇವರೇನು ಗಂಡ ಎಂಡ್ತಿಯಾ? ಪೇಪರ್ ಉಳೀಲಿ ಅಂತ ಸಾ. ಈ ಉಡುಗ ಗೊರೂರ್ ಕಡೆಯೋನು. ನಿಮ್ಮುಡುಗಿ ಬಂದೋದ ಮೇಲೆ ಬಂದ."

"ಅವರ ಇಸ್ಯ ಅವರ ಮನೇವ್ರು ನೋಡ್ಕತಾರೆ. ನಮ್ಮುಡುಗಿ ಬಂದಿದ್ದೂ, ಅದರ ಇಂದೆ ಇವನು ಬಂದಿದ್ದೂ ನೀನೇ ಏಳ್ತಾ ಇದೀಯಲ್ಲ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವರು ಎದ್ದು ನಿಂತು ದೊಡ್ಡಪ್ಪನಿಗೆ ಕೈಮುಗಿದರು, ಕಣ್ಣಲ್ಲಿ ನೀರಿತ್ತು ಎಂದು ಅಮ್ಮ ಹೇಳುತ್ತಾಳೆ. ನನಗೆ ಕಾಣುವುದು ಮೌಸಿನ ಮೇಲಿಂದ ಕೈ ತೆಗೆಯದೆ ಕೂತ ಮನುಷ್ಯ. ಅಮ್ಮನಿಗೆ ಅವರನ್ನು ಕ್ಷಮಿಸಬೇಕಿತ್ತು, ನನಗೆ ಬೇಕಿರಲಿಲ್ಲ. ಇಬ್ಬರೂ ನಮಗೆ ಬೇಕಾದ ಚಿತ್ರ ಇಟ್ಟುಕೊಂಡಿದ್ದೇವೆ. ಎರಡರಲ್ಲೂ ಅವರ ಗಲ್ಲ ಮಾತ್ರ ಮೇಲಕ್ಕೇ ಇದೆ.

ದೊಡ್ಡಪ್ಪ ಆ ಹಾಳೆಯನ್ನು ಹರಿಯಲಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ನೆಂಟರಿಷ್ಟರಿಗೆಲ್ಲ ತೋರಿಸಿದರು. ಅರ್ಜಿಯ ಕೊನೆಯ ದಿನ ಹಾಗೇ ದಾಟಿಹೋಯಿತು. ಚನ್ನರಾಯಪಟ್ಟಣದಲ್ಲಿ ಪಶು ಆಹಾರದ ಅಂಗಡಿ ಇಟ್ಟವರ ಮಗನಿಗೆ ನನ್ನನ್ನು ಕೊಟ್ಟರು. ಗಂಡ ಕೆಟ್ಟವರಲ್ಲ. ಕೇಳಿದವರಿಗೆಲ್ಲ ನಾನು ಇಷ್ಟೇ ಹೇಳುವುದು. ಆದರೆ ಮದುವೆಗೆ ಮುಂಚೆ ನೋಡಲು ಬಂದಾಗ ಗಂಡನ ಮುಖ ಹೇಗಿತ್ತೆಂದು ನನಗೆ ನೆನಪಿಲ್ಲ. ಆ ಹಾಳೆಯ ಹುಡುಗನದು ಪೂರ್ತಿ ನೆನಪಿದೆ: ಚೌಕಳಿ ಅಂಗಿ, ಅಗಲ ಕಿವಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಅವನನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮದುವೆ ನೋಂದಣಿಗೆ ಫೋಟೊ ಬೇಕಾದಾಗ ನಾವು ತವರಿನಲ್ಲಿದ್ದೆವು. ನನ್ನ ಗಂಡ, ಏನೂ ತಿಳಿಯದೆ, ನನ್ನನ್ನು ಅದೇ ಸ್ಟುಡಿಯೋಗೆ ಕರೆದುಕೊಂಡು ಹೋದರು. ಸ್ಟುಡಿಯೋದವರು ನನ್ನನ್ನು ನೋಡಿದರು. ಯಾವ ಅರ್ಜಿ ಎಂದು ಕೇಳಲಿಲ್ಲ. ನನಗಾಗಿ ಗಲ್ಲ ಎತ್ತಿ ತೋರಿಸಿದರು, ನಾನು ಎತ್ತಲಿಲ್ಲ. ಹಾಗೇ ತೆಗೆದರು.

ಪ್ರಿಂಟರಿನಿಂದ ಎರಡು ಹಾಳೆ ಬಂದವು. ಒಂದರಲ್ಲಿ ನಾಲ್ಕು ನಾನು, ಉಳಿದದ್ದು ಬಿಳಿ. ಇನ್ನೊಂದರಲ್ಲಿ ನಾಲ್ಕು ನನ್ನ ಗಂಡ, ಉಳಿದದ್ದು ಬಿಳಿ.

"ಯಾಕ್ ಸಾ ಇಷ್ಟು ವೇಸ್ಟು? ನಾವು ಗಂಡ ಎಂಡ್ತಿ ಅಲ್ವಾ, ಒಂದರಲ್ಲೇ ಹಾಕಬೋದಿತ್ತಲ್ಲ," ಎಂದು ನನ್ನ ಗಂಡ ನಕ್ಕರು.

"ಈಗ ಅಂಗೆ ಹಾಕಾದು ಬಿಟ್ಬುಟ್ಟಿದೀನಿ ಸಾ."

ಪ್ರಾಯಶ್ಚಿತ್ತವೇ ಇರಬೇಕು. ನನಗೆ ಮಾತ್ರ ಮೈ ಉರಿಯಿತು. ಆ ಬಿಳಿ ಜಾಗದಿಂದ ನನಗೆ ಏನು ಬಂತು? ದೊಡ್ಡಪ್ಪನ ಬುದ್ಧಿ ಅಷ್ಟೇ ಎಂದು ನನಗೆ ಮೊದಲೇ ಗೊತ್ತಿತ್ತು; ಅವರ ಮೇಲೆ ಸಿಟ್ಟು ಮಾಡಿಕೊಂಡು ದಣಿಯಲಾರೆ. ಆದರೆ ಇವರು ನನ್ನ ಒಳ್ಳೆಯದನ್ನೇ ಬಯಸಿದವರು. ಅರ್ಧ ಹಾಳೆ ಎನ್ನಬಹುದಿತ್ತು, ನಾಲ್ಕು-ನಾಲ್ಕು ಎನ್ನಬಹುದಿತ್ತು. ಅವರ ಬಾಯಿಗೆ ಬಂದದ್ದು ಜೋಡಿ.

ಹೋದ ತಿಂಗಳು ಅಮ್ಮನ ಪಿಂಚಣಿಗೆ ಫೋಟೊ ತೆಗೆಸಲು ಅಲ್ಲಿಗೆ ಹೋದೆ. ಕಂಪ್ಯೂಟರಿನ ಮುಂದೆ ಅವರ ಮಗ ಇದ್ದ. ತಲೆ ನುಣ್ಣಗೆ ಬೋಳಿಸಿಕೊಂಡಿದ್ದ.

"ಅಪ್ಪ ಓಗ್ಬುಟ್ರು ಅಕ್ಕ," ಅಂದ. "ಅತ್ತೆದೀರು ಪರ್ಸಲ್ಲಿ ಇಟ್ಕತೀವಿ, ಒಂದೊಂದು ಫೋಟೊ ಕೊಡು ಅಂದ್ರು. ಈಗ ತಾನೇ ಪ್ರಿಂಟ್ ತೆಗೆದೆ, ನೋಡಿ."

ಮೇಜಿನ ಮೇಲೆ, ಇನ್ನೂ ಕತ್ತರಿಸದ ಹಾಳೆ. ಎಡಕ್ಕೆ ನಾಲ್ಕು ಅವರು, ಗಲ್ಲ ಎತ್ತಿಕೊಂಡು. ಬಲಕ್ಕೆ ನಾಲ್ಕು, ಎರಡು ಜಡೆಯ ಒಬ್ಬ ಹುಡುಗಿ.

"ಇದು ಯಾರು?"

"ಯಾರೋ ಕಾಲೇಜುಡುಗಿ ಅಕ್ಕ. ಹಾಸನದಲ್ಲಿ ಅದೇನೋ ಓದಾಕೆ ಅರ್ಜಿ ಹಾಕ್ತಾಳಂತೆ. ಸುಮ್ನೆ ಯಾಕೆ ಖಾಲಿ ಬಿಡಾದು ಅಂತ..."

ಅಷ್ಟರಲ್ಲಿ ಸ್ಟುಡಿಯೋದವರ ತಂಗಿ ಒಳಗೆ ಬಂದರು. ಹಾಳೆ ಎತ್ತಿಕೊಂಡು, "ಎಷ್ಟು ಲಕ್ಷಣವಾಗವ್ನೆ ನಮ್ಮಣ್ಣ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದವಳು ಯಾರು, ಯಾವ ಜನ, ಇಬ್ಬರೂ ಒಟ್ಟಿಗೆ ಯಾವಾಗ ಬಂದಿದ್ದರು ಎಂದು ಅವರು ಕೇಳಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು, ಮೂಲೆಯ ಕುರ್ಚಿಯಲ್ಲಿ ಕೂತರು.

"ಆ ಹುಡುಗಿ ಫೋಟೊ ತಗೊಂಡು ಹೋಗೋಕೆ ಯಾರು ಬರ್ತಾರೆ?" ಎಂದು ಮಗನನ್ನು ಕೇಳಿದೆ.

"ಅವಳ ಮಾವನ್ನ ಕಳುಸ್ತೀನಿ ಅಂದಿದ್ಲು. ಇನ್ನೇನು ಬರಬೋದು. ಯಾಕಕ್ಕ?"

ಕತ್ತರಿ ಪ್ರಿಂಟರಿನ ಪಕ್ಕದಲ್ಲೇ ಇತ್ತು. ತೆಗೆದುಕೊಂಡು, ಹಾಳೆಯ ನಡುವೆ ಮೇಲಿಂದ ಕೆಳಗಿನತನಕ ಒಂದೇ ಸಮನೆ ಕತ್ತರಿಸಿದೆ.