ಘಟ್ಟದವಳ ಮೇಲಿನ ನೆರಳು

…ಅಥವಾ ಅದು ಅಂಗೈಯೇ ಇರಬಹುದು. ನನ್ನ ನೆನಪಿನಲ್ಲಿ ನರ್ಸಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಮಗುವಿನ ಜ್ವರ ನೋಡುವ ಹಾಗೆ ಗಿಡದ ಎಲೆಯ ಮೇಲೆ ಕೈಯ ಹಿಂಬದಿ ಇಡುತ್ತಾರೆ. ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿದೆ, ಸೀಳಿನಲ್ಲಿ ಕಪ್ಪು ಮಣ್ಣು. ಉಗುರು ನಿಜ. ಕೈ ಇಟ್ಟ ರೀತಿ ಮಾತ್ರ ನರ್ಸ್ ಆಗಿದ್ದವರಿಗೆ ತೀರಾ ಚೆನ್ನಾಗಿ ಒಪ್ಪುತ್ತದೆ, ಅದಕ್ಕೇ ಅನುಮಾನ.

ನರಿಕೊಂಬಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಬೆಳ್ತಂಗಡಿ ಕಡೆ ಕೆಲಸ ಮಾಡಿ ನಿವೃತ್ತರಾಗಿ ಬರುವಾಗ ಘಟ್ಟದ ಬುಡದಿಂದ ಕೆಲವು ಸಸಿ ತಂದಿದ್ದರು. ದೊಡ್ಡ ಮರಗಳ ಅಡಿಯ ಕತ್ತಲಲ್ಲೇ ಬೆಳೆಯುವ ಪೊದೆ. ಹಣ್ಣಾದರೆ ಕಾಯಿ ಶಾಯಿಯಂಥ ನೀಲಿಯಂತೆ. ಹೆಸರು ಅವರಿಗೂ ಗೊತ್ತಿರಲಿಲ್ಲ, "ಘಟ್ಟದವಳು" ಅನ್ನುತ್ತಿದ್ದರು. ಬಾವಿಯ ಹತ್ತಿರ ನೆಟ್ಟದ್ದು ಒಣಗಿತು. ಚಟ್ಟಿಯಲ್ಲಿಟ್ಟದ್ದು ಕೊಳೆಯಿತು. ಹಿತ್ತಿಲ ಕಾಟುಮಾವಿನ ಮರದ ಬುಡದಲ್ಲಿ ನೆಟ್ಟದ್ದು ಮಾತ್ರ ಬದುಕಿತು.

ಅದಕ್ಕಾಗಿ ಅವರು ಹಿತ್ತಿಲು ಗುಡಿಸುವುದನ್ನೇ ಬಿಟ್ಟರು. ಉದುರಿದ ಎಲೆಯೆಲ್ಲ ಅಲ್ಲೇ ಕೊಳೆಯಬೇಕು. ಬೆಳಗಾದರೆ ಅಂಗಳ ಗುಡಿಸುವ ನಮ್ಮೂರಿನ ಹೆಂಗಸರು, ಇಷ್ಟು ವರ್ಷ ಊರಿಗೆಲ್ಲ ಶುಚಿತ್ವ ಹೇಳಿಕೊಟ್ಟವರ ಹಿತ್ತಿಲು ನೋಡಿ ಎಂದು ನಗುತ್ತಿದ್ದರು. ನಾನು ಬಿಸಿಲಲ್ಲಿ ಹೋದರೆ ನರ್ಸಕ್ಕನಿಂದ ನನಗೂ ಬೈಗುಳ ಸಿಗುತ್ತಿತ್ತು: "ಕರಿಮುಖ ಮಾಡಿಕೊಂಡು ಬಂದಿಯಲ್ಲ ಮಾರಾಯ, ಆ ಘಟ್ಟದವಳಿಗಿರುವಷ್ಟು ಬುದ್ಧಿಯೂ ನಿನಗಿಲ್ಲ."

ಒಮ್ಮೆ ಮಳೆಗಾಲಕ್ಕೆ ಮೊದಲು ಕರೆಂಟಿನವರು ಆ ಮರದ, ತಂತಿಗೆ ತಾಗುವ ಕೊಂಬೆ ಕಡಿಯಲು ಬಂದರು. ನರ್ಸಕ್ಕ ಎಲ್ಲರಿಗೂ ಮಜ್ಜಿಗೆ ಕೊಟ್ಟು ಹೇಳಿದರು: "ಕೊಂಬೆ ಬೇಕಾದರೆ ಕೊಂಡುಹೋಗಿ. ನೆರಳು ಮಾತ್ರ ಇಲ್ಲೇ ಇಟ್ಟು ಹೋಗಿ." ಅವರು ನಕ್ಕು, ತುದಿಯಷ್ಟೇ ಸವರಿ ಹೋದರು. ಮಾತು ಇದೇ ಕ್ರಮದಲ್ಲಿತ್ತೇ, ಹೇಳಲಾರೆ. ಮಜ್ಜಿಗೆ ನನಗೂ ಸಿಕ್ಕಿತ್ತು.

ಈ ವರ್ಷ ಗಿಡ ಮೊದಲ ಸಲ ಕಾಯಿ ಬಿಟ್ಟಿತು. ಎಲೆಯ ಸಂದಿನಲ್ಲಿ ಹಸಿರು ಮಣಿಗಳು. ನಡೆಯಲು ಕಷ್ಟವಾಗಿದ್ದರೂ ದಿನಾ ಹೋಗಿ ನೋಡುತ್ತಿದ್ದರು. "ನೀಲಿ ಆಗುವವರೆಗೆ ನಾನು ಇರ್ತೇನೆ" ಎಂದು ನನ್ನಲ್ಲಿ ಹೇಳಿದರು, ಡಾಕ್ಟರಿಗೆ ವಾಯಿದೆ ಕೊಟ್ಟ ಹಾಗೆ.

ಇರಲಿಲ್ಲ. ಅವರು ಹೋದ ಸುದ್ದಿ ಬಂದಾಗ ನಾನು ಮೂಡುಬಿದಿರೆಯಲ್ಲಿದ್ದೆ. ಬಸ್ಸಿಳಿದು ಅವರ ಮನೆಯ ಹಿಂದಿನ ದಾರಿಯಲ್ಲೇ ಬಂದೆ. ಹಿತ್ತಿಲಿನಲ್ಲಿ ಆಕಾಶ ಇತ್ತು. ಮೊದಲು ಕಂಡದ್ದು ಅದು. ಬೇರೆ ಯಾರದೋ ಮನೆಗೆ ಬಂದೆನೆಂದುಕೊಂಡೆ. ಮಾವಿನ ಮರ ನೆಲದಲ್ಲಿತ್ತು, ನಾಲ್ಕು ಜನ ಅದನ್ನು ತುಂಡು ಮಾಡುತ್ತಿದ್ದರು. ಸತ್ತವರನ್ನು ಅವರ ಜಾಗದ್ದೇ ಮಾವಿನಲ್ಲಿ ಸುಡುವುದು ನಮ್ಮಲ್ಲಿ ಕ್ರಮ. ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ನೋಡಿದ್ದೆ. ಈ ಮರವೂ ಮಾವೆಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

ಅವರ ಅಣ್ಣನ ಮಗ ಬೆವರು ಒರೆಸಿಕೊಂಡು ಹತ್ತಿರ ಬಂದ. ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡವನು. "ಅತ್ತೆಯ ಗಿಡಕ್ಕೆ ಏನೂ ಆಗಲಿಲ್ಲ ಅಣ್ಣ. ಹಗ್ಗ ಕಟ್ಟಿ ಎಳೆದು ಮರವನ್ನು ಆ ಕಡೆಗೆ ಬೀಳಿಸಿದ್ದೇವೆ."

ನಿಜ. ಒಂದು ಎಲೆಯೂ ಹರಿದಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ಸುತ್ತ ಏನೂ ಇಲ್ಲದೆ, ಘಟ್ಟದವಳು ನಿಂತಿದ್ದಳು. ಅವನು ಅಷ್ಟು ಜಾಗ್ರತೆ ಮಾಡಿದ್ದ. ನಾನೂ ಒಂದು ತುಂಡು ಹೊತ್ತೆ. ಹಸಿಯಾಗಿತ್ತು, ಭುಜಕ್ಕೆಲ್ಲ ಸೊನೆ.

ಸಂಜೆಗೆ ಎಲೆಗಳು ಜೋತವು. ಮರುದಿನ ತೆಂಗಿನ ಮಡಲು ತಂದು ಸುತ್ತ ಕಟ್ಟಿದೆ. ಕಾಯಿಗಳು ಹಸಿರಿನಲ್ಲೇ ಸುಕ್ಕಿ ಉದುರಿದವು. ಈಗ ಉಳಿದಿರುವುದು ಒಂದು ಕಡ್ಡಿ. ಒಳಗೆ ಜೀವ ಉಂಟೋ ಇಲ್ಲವೋ ನೋಡಲು ಗೀರುವ ಧೈರ್ಯ ಬಂದಿಲ್ಲ.

ಊರಿನ ಎಷ್ಟೋ ಸಾವುಗಳಿಗೆ ನರ್ಸಕ್ಕ ಹೋಗಿದ್ದರು. ಮಾವಿನ ಮರಗಳು ಉರುಳುವುದನ್ನು ನನಗಿಂತ ಹೆಚ್ಚು ನೋಡಿದ್ದರು. ಇಡೀ ಹಿತ್ತಿಲಿನಲ್ಲಿ ಇದ್ದದ್ದು ಅದೊಂದೇ ಮಾವು, ಅದರ ಬುಡದಲ್ಲೇ ನೆಟ್ಟರು. ಮುಂದೇನಾಗುತ್ತದೆಂದು ಅವರು ಯಾವತ್ತಾದರೂ ಯೋಚಿಸಿದ್ದರೇ? ನನಗೆ ಗೊತ್ತಿಲ್ಲ.