ಏಳು ಗುರುತಿನ ನೀರು

ಮೊನ್ನೆ ಅಟ್ಟದ ಮೇಲಿನ ಹಳೆಯ ಟ್ರಂಕು ಸರಿಸುವಾಗ ಅದರ ಹಿಂದಿನಿಂದ ಒಂದು ಗಾಜಿನ ಬಾಟಲಿ ಉರುಳಿ ಬಂತು. ಹಿಂದೆ ಸರಕಾರಿ ದವಾಖಾನೆಯಲ್ಲಿ ಔಷಧ ತುಂಬಿ ಕೊಡುತ್ತಿದ್ದಂಥದು. ಎಷ್ಟು ಕುಡಿಯಬೇಕೆಂದು ತೋರಿಸಲು ಮೈಗೆ ಅಂಟಿಸಿದ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಹಳದಿಯಾಗಿತ್ತು. ಮುಚ್ಚಳ ತೆಗೆದರೆ ಔಷಧದ್ದಲ್ಲ, ಬಟ್ಟೆ ಸೋಪಿನ ಹಳೆಯ ವಾಸನೆ... ಏಣಿಯ ಮೇಲೇ ಕುಳಿತುಬಿಟ್ಟೆ.

"ಏನ್ ಸಿಕ್ತ್ರಿ?" ಎಂದು ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ಕೇಳಿದಳು.

ಶಹಾಪುರದ ನಮ್ಮ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಈ ಬಾಟಲಿಯ ಒಡೆಯರದು. ದವಾಖಾನೆಯಿಂದ ನಿವೃತ್ತರಾಗಿ ವರ್ಷಗಳಾದರೂ ಓಣಿಗೆಲ್ಲ ಕಂಪೌಂಡರ್ ಸಾಹೇಬರೇ. ಹೆಂಡತಿಯೊಡನೆ ಉರ್ದು, ನಮ್ಮೊಡನೆ ಕನ್ನಡ, ಮೀನುಗಳೊಡನೆ ಎರಡೂ. ಅವರ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಐದು ಮೋಲಿ ಮೀನುಗಳಿದ್ದವು, ಕಾಡಿಗೆಯಂಥ ಕಪ್ಪು. ಅವರ ಬೋರಿನ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ. ಕೊಡಗಳ ಕಂಠಕ್ಕೆ ಬಿಳಿ ಪದರು ಕಟ್ಟಿಸಿ, ಓಣಿಯ ಮೊಣಕಾಲುಗಳನ್ನು ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆ ಮಾಡಿದ ನೀರು ಅದು. ಆ ಐದು ಮೀನು ಮಾತ್ರ ಅದರಲ್ಲಿ ನವಾಬರಂತೆ ಬದುಕಿದ್ದವು.

ನನ್ನ ಬಳಿಯೂ ಒಂದು ತೊಟ್ಟಿ ಇತ್ತು. ನಾನು ನಿವೃತ್ತನಾದ ದಿನ ಕಚೇರಿಯವರು ಶಾಲು, ಹಾರಗಳ ಜೊತೆ ಅದನ್ನೂ ಕೊಟ್ಟಿದ್ದರು. ಮೂವತ್ತು ವರ್ಷ ಕುರ್ಚಿ ಬಿಟ್ಟು ಅಲುಗದವನಿಗೆ ಅಲುಗಾಡುವ ಜೀವಗಳನ್ನು ತೋರಿಸುವ ಉದ್ದೇಶವಿದ್ದಿರಬೇಕು. ನಾನು ಅದರಲ್ಲಿ ಕರೆಂಟ್ ಬಿಲ್ಲುಗಳನ್ನು ಇಡುತ್ತಿದ್ದೆ.

ಸಾಹೇಬರ ಎದೆಯಲ್ಲಿ ಏನೋ ಕಟ್ಟಿಕೊಂಡಿದೆ, ಹೈದರಾಬಾದಿಗೆ ಹೋಗಿ ಆಪರೇಶನ್ ಮಾಡಿಸಬೇಕು ಎಂದಾಯಿತು. ಮನೆಗೆ ಬೀಗ ಬೀಳುವುದರಿಂದ ಮೀನುಗಳು ನನ್ನ ತೊಟ್ಟಿಗೆ ವರ್ಗವಾಗಬೇಕು. ಹೊರಡುವ ಹಿಂದಿನ ಸಂಜೆ ಅವರು ಎರಡು ಔಷಧದ ಬಾಟಲಿ ಹಿಡಿದು ಬಂದರು. ಒಂದಕ್ಕೆ ಅವರ ಬೋರಿನ ನೀರು, ಇನ್ನೊಂದಕ್ಕೆ ನಮ್ಮ ನಳದ ನೀರು. ಎರಡಕ್ಕೂ ಒಂದೊಂದು ಚೂರು ಸೋಪು ಹಾಕಿ, ದವಾಖಾನೆಯ ಕಾಲದ ಗಾಂಭೀರ್ಯದಿಂದ ಅಲುಗಾಡಿಸಿದರು.

"ನೋಡ್ರಿ ಗುಮಾಸ್ತರ, ನನ್ನ ನೀರಿಗೆ ನೊರಿ ಇಲ್ಲ, ನಿಮ್ಮ ನೀರು ಟೋಪಿ ಹಾಕ್ಕೊಂಡು ಕುಂತದ. ಇಷ್ಟು ಫರಕ್ ಒಮ್ಮಿಗೇ ಕೊಟ್ರ ಮೀನು ತಡಕೊಳ್ಳಂಗಿಲ್ಲ."

ಆಮೇಲೆ ನನ್ನ ತೊಟ್ಟಿಯ ಗಾಜಿಗೆ ಏಳು ಹಲ್ಲಿನ ಕಾಗದದ ಪಟ್ಟಿ ಅಂಟಿಸಿದರು. ಮೊದಲು ತೊಟ್ಟಿಯ ತುಂಬ ಅವರದೇ ನೀರು. ಅದಕ್ಕಾಗಿ ಎರಡು ಡ್ರಮ್ಮು ತುಂಬಿಸಿ ತಂದಿಟ್ಟಿದ್ದರು. ಮೀನು ಬಿಟ್ಟ ಮೇಲೆ ದಿನಕ್ಕೆ ಒಂದು ಗುರುತಿನಷ್ಟು ತೆಗೆದು, ಬ್ಲೀಚಿಂಗ್ ವಾಸನೆ ಹೋಗಲೆಂದು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನಮ್ಮ ನೀರನ್ನು ಅಷ್ಟೇ ಸೇರಿಸಬೇಕು.

"ತೊಟ್ಟಿ ನೀರು, ನಳದ ನೀರು, ಎರಡರ ನೊರಿನೂ ಹತ್ತಿರ ಹತ್ತಿರ ಆದ ದಿನ ನಿಮ್ಮ ಕೆಲಸ ಖತಂ. ನನ್ನ ಎದಿ ಡಾಕ್ಟರ್ ನೋಡ್ಕೋತಾರ, ಇವನ್ನ ನೀವು ನೋಡ್ಕೊಳ್ರಿ."

"ಎಲ್ಲಾ ತಿಳೀತ್ರಿ," ಎಂದೆ. ಅರ್ಧ ತಿಳಿದಾಗ ಹೀಗೆ ಹೇಳುವುದು ನನ್ನ ವೃತ್ತಿಯ ಅಭ್ಯಾಸ.

ಮರುದಿನ ಅವರ ಬಸ್ಸು ಹೋದ ಮೇಲೆ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ಮೇಲೆ ಸುಣ್ಣದಂಥ ತೆಳು ಕೆನೆ. ನನಗೆ ನಾಚಿಕೆಯಾಯಿತು. ನಮ್ಮ ಮನೆಗೆ ಬೀಗರು ಬಂದರೂ, ಸ್ವಾಮಿಗಳು ಬಂದರೂ ಫಿಲ್ಟರ್ ನೀರಿನ ಕ್ಯಾನು ತರಿಸುವುದು ಪದ್ಧತಿ. ಸಾಹೇಬರು ನಂಬಿ ಒಪ್ಪಿಸಿದ ಅತಿಥಿಗಳಿಗೆ ಈ ನೀರೇ?

"ಅವ್ರು ಹೇಳಿದಂಗ ಮಾಡ್ರಿ, ನಿಮ್ಮ ಶ್ಯಾಣೇತನ ಬ್ಯಾಡ," ಎಂದಳು ಹೆಂಡತಿ.

"ಮನುಷ್ಯರಿಗೆ ಕೊಡೂದು ಮೀನಿಗೆ ಕೊಟ್ರ ಏನಾಗ್ತದ?" ಎಂದು ಆಕ್ಷೇಪಣೆಯನ್ನು ತಳ್ಳಿಹಾಕಿದೆ. ನಾಲ್ಕು ಕ್ಯಾನು ಫಿಲ್ಟರ್ ನೀರು ತೊಟ್ಟಿಗೆ ಸುರಿದು, ಸಾಹೇಬರು ಕೊಡದಲ್ಲಿ ಬಿಟ್ಟುಹೋಗಿದ್ದ ಮೀನುಗಳನ್ನು ಜಾಳಿಗೆಯಲ್ಲಿ ಎತ್ತಿ ಬಿಟ್ಟೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನುಗಳು ಗಾಳಿಯಲ್ಲಿ ನಿಂತಂತಿದ್ದವು. ಸಂಜೆಯ ಹೊತ್ತಿಗೆ ಐದೂ ನಿಂತಲ್ಲೇ ಮೈ ಅಲ್ಲಾಡಿಸತೊಡಗಿದವು.

"ನೋಡು, ಹೆಂಗ ಕುಣಿಯಾಕತ್ತಾವ!"

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. "ಕುಣಿಯೂದಲ್ರಿ ಅದು... ನಡುಗೂದು."

ಬೆಳಿಗ್ಗೆ ಐದೂ ಮೇಲೆ ತೇಲುತ್ತಿದ್ದವು. ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ಕೈ ತೊಳೆಯುವಷ್ಟರಲ್ಲಿ ಹೈದರಾಬಾದಿನಿಂದ ಫೋನು.

"ಗುಮಾಸ್ತರ, ಎಷ್ಟನೇ ಗುರ್ತು?"

ನಾಲ್ಕು ದಿನಕ್ಕೆ ಎದೆ ಬಿಚ್ಚಿಸಿಕೊಳ್ಳಲಿದ್ದ ಮನುಷ್ಯ. ನಾನು, "ಒಂದನೇದು ಆತ್ರಿ," ಎಂದೆ.

ಫೋನು ಇಟ್ಟ ಮೇಲೆ ಫಿಲ್ಟರ್ ನೀರೆಲ್ಲ ಚೆಲ್ಲಿ, ಡ್ರಮ್ಮಿನ ನೀರು ತುಂಬಿಸಿ, ಒಂದು ಗುರುತು ತೆಗೆದು ಒಂದು ಗುರುತು ಸೇರಿಸಿದೆ. ನಾನು ಹೇಳಿದ್ದು ಪೂರ್ತಿ ಸುಳ್ಳಾಗಬಾರದು ಎಂಬುದು ನನ್ನ ನ್ಯಾಯ. ಎರಡನೆಯ ದಿನ ಎರಡನೆಯ ಗುರುತು, ಮೂರನೆಯ ದಿನ ಮೂರನೆಯದು. ಮೀನಿಲ್ಲದ ನೀರಿಗೆ ನಾನು ಮಾಡಿದಷ್ಟು ನಿಷ್ಠೆಯ ಸೇವೆಯನ್ನು ಸರಕಾರಕ್ಕೂ ಮಾಡಿರಲಿಲ್ಲ. ನಾಲ್ಕನೆಯ ದಿನ ಅವರ ದನಿ ಸಣ್ಣಗಿತ್ತು. "ಉಣ್ಣಾಕತ್ತಾವೇನು?"

"ಹೂಂ ರೀ... ಚೆಂದ ಉಣ್ಣಾಕತ್ತಾವ."

ಐದನೆಯ ದಿನ ಫೋನು ಬರಲಿಲ್ಲ. ಮಧ್ಯಾಹ್ನ ಸುದ್ದಿ ಬಂತು. ಆಪರೇಶನ್ನಿನಲ್ಲೇ...

ಉಳಿದ ಗುರುತುಗಳನ್ನೂ ಮುಗಿಸಿದೆ. ಏಳನೆಯ ದಿನ ಸಾಹೇಬರು ಬಿಟ್ಟುಹೋದ ಎರಡು ಬಾಟಲಿಗೆ ತೊಟ್ಟಿ ನೀರು, ನಳದ ನೀರು ತುಂಬಿ, ಸೋಪು ಹಾಕಿ ಅಲುಗಾಡಿಸಿದೆ. ನೊರೆಯಲ್ಲಿ ಹೆಚ್ಚು ಫರಕ್ ಕಾಣಲಿಲ್ಲ. ಜೀವನದಲ್ಲಿ ಒಂದು ಕೆಲಸವನ್ನು ಹೇಳಿದ ಹಾಗೆ ಮಾಡಿದ್ದೆ, ಅದರಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ.

ಕೆಲವು ದಿನ ಕಳೆದು ಅವರ ಹೆಂಡತಿ, ನಾವು ಭಾಬಿ ಎನ್ನುತ್ತಿದ್ದವರು, ಮರಳಿ ಬಂದರು. ಖಾಲಿ ತೊಟ್ಟಿಯ ಮುಂದೆ ನಿಂತು, "ಭಾಯಿ, ಮೀನು?" ಎಂದರು.

"ಹೋದ್ವರಿ, ಭಾಬಿ."

ಯಾವತ್ತು ಎಂದು ಅವರು ಕೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವ್ರ ಜೋಡೀನ ಹೋದ್ವು! ಆಪರೇಶನ್ನಿಗೆ ಒಳಗ ಕರ್ಕೊಂಡು ಹೋಗೂ ಮುಂದ ಸೈತ ಅವ್ರದು ಅದೇ ಮಾತು. ‘ಆ ಗುಮಾಸ್ತ ಗುರ್ತು ತಪ್ಪೂ ಮನಷ್ಯಾ ಅಲ್ಲ’ ಅಂದ್ರು." ನನ್ನ ಹೆಂಡತಿ ಒಮ್ಮೆ ನನ್ನ ಮುಖ ನೋಡಿ, ನೀರು ತರುತ್ತೇನೆಂದು ಒಳಗೆ ಹೋದಳು.

ಅಂದಿನಿಂದ ಅದು ಓಣಿಯ ಕಥೆ. ಒಡೆಯನ ಉಸಿರು ನಿಂತ ದಿನವೇ ಐದು ಮೀನೂ ಪ್ರಾಣ ಬಿಟ್ಟವಂತೆ. ರಂಗಂಪೇಟೆಯಿಂದ ಬಂದ ನೆಂಟರೂ ತೊಟ್ಟಿ ನೋಡಿ ಕಣ್ಣೊರೆಸಿಕೊಂಡು ಹೋದರು. ಭಾಬಿ ಇವತ್ತಿಗೂ ಹೊಸದಾಗಿ ಬಂದವರಿಗೆಲ್ಲ ನನ್ನನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರ ಪಾಲಿಗೆ ಉಳಿದ ಸಮಾಧಾನ ಅದೊಂದೇ, ಅದನ್ನು ಕೊಟ್ಟವನು ನಾನು...

"ಅದು ಸಾಹೇಬ್ರ ಬಾಟ್ಲಿ ಅಲ್ಲೇನ್ರಿ?" ಕೆಳಗಿನಿಂದ ಹೆಂಡತಿ ಗುರುತಿಸಿದ್ದಳು. "ಭಾಬಿ ಮನ್ಯಾಗ ಅದಾರ. ಕೊಟ್ಟು, ಹೇಳೂದು ಹೇಳಿ ಬರ್ರಿ," ಎಂದಳು.

ಬಾಟಲಿ ಅಲುಗಾಡಿಸಿದೆ. ನೀರು ಎಂದೋ ಆರಿತ್ತು. ಒಣಗಿದ ಸೋಪಿನ ಚೂರು ಗಾಜಿಗೆ ಬಡಿದು ಟಕ್ ಟಕ್ ಎಂದಿತು. ಮುಚ್ಚಳ ಬಿಗಿ ಮಾಡಿ, ಅದನ್ನು ಟ್ರಂಕಿನ ಹಿಂದೆ ಇನ್ನೂ ಒಳಕ್ಕೆ, ಕೈ ನಿಲುಕುವಷ್ಟೂ ದೂರಕ್ಕೆ ತಳ್ಳಿ ಇಳಿದೆ.

ಹೆಂಡತಿ ಏಣಿ ಬಿಟ್ಟು ಒಳಗೆ ಹೋಗಿದ್ದಳು.